ದೀಪಗೊಂಚಲಿನ ಕೆಳಗೆ ಆಸ್ಪತ್ರೆಯ ಮಂಚಗಳು: ಬ್ರೈಟನ್ನಿನ ರಾಯಲ್ ಪೆವಿಲಿಯನ್

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ನಿನಲ್ಲಿರುವ ರಾಯಲ್ ಪೆವಿಲಿಯನ್ ಅರಮನೆಗೆ ಹೆಚ್ಚಿನವರು ಅದರ ಗುಮ್ಮಟಗಳನ್ನೂ ಔತಣಶಾಲೆಯ ದೀಪಗೊಂಚಲನ್ನೂ ನೋಡಲೆಂದು ಹೋಗುತ್ತಾರೆ. ನಾನು ಹೋದದ್ದು ಅಲ್ಲಿದ್ದ ಭಾರತೀಯ ಸೇನಾ ಆಸ್ಪತ್ರೆಯ ಹಳೆಯ ಛಾಯಾಚಿತ್ರಗಳ ಜಾಡು ಹಿಡಿದು. ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನಿಲ್ದಾಣದಿಂದ ನಡೆದೇ ತಲುಪಬಹುದು.

ಮೊದಲ ಮಹಾಯುದ್ಧದ ಕಾಲದಲ್ಲಿ, 1914ರ ಡಿಸೆಂಬರಿನಿಂದ 1916ರ ಜನವರಿಯವರೆಗೆ, ಈ ಅರಮನೆ ಮತ್ತು ಪಕ್ಕದ ಡೋಮ್ ಸಭಾಂಗಣದಲ್ಲಿ ಸುಮಾರು 700 ಮಂಚಗಳನ್ನು ಹಾಕಿ, ಫ್ರಾನ್ಸ್ ಮತ್ತು ಬೆಲ್ಜಿಯಂ ರಣರಂಗಗಳಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು ಆರೈಕೆ ಮಾಡಲಾಯಿತು. ಒಂಬತ್ತು ಅಡುಗೆಮನೆಗಳು, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನೀರಿನ ನಲ್ಲಿಗಳು, ಹಿಂದಿ, ಉರ್ದು, ಗುರುಮುಖಿಯಲ್ಲಿ ಬರೆದ ಫಲಕಗಳು ಇದ್ದವು. ಈ ಏರ್ಪಾಡಿನ ಬಗ್ಗೆ ಆಡಳಿತಕ್ಕೆ ಎಷ್ಟು ಹೆಮ್ಮೆಯಿತ್ತೆಂಬುದು ಚಿತ್ರಗಳಲ್ಲೇ ಕಾಣುತ್ತದೆ. ಡೋಮ್ ಒಳಗಿನ ಪ್ರಸಿದ್ಧ ಚಿತ್ರವನ್ನೇ ನೋಡಿ: ಮೇಲೆ ವಿಶಾಲವಾದ ಗುಮ್ಮಟ, ಕೆಳಗೆ ದಾರ ಹಿಡಿದು ಜೋಡಿಸಿದಂತಿರುವ ಮಂಚಗಳ ಸಾಲು. ರಕ್ತವೆಂಬುದು ಎಲ್ಲಿಯೂ ಇಲ್ಲ. ಅರಮನೆಯ ದೊಡ್ಡ ಅಡುಗೆಮನೆ ಶಸ್ತ್ರಚಿಕಿತ್ಸೆಯ ಕೋಣೆಯಾಗಿತ್ತು. ತಾಳೆಗರಿಯ ಅಲಂಕಾರವಿರುವ ಅದರ ಕಂಬಗಳು ಇಂದಿಗೂ ಹಾಗೆಯೇ ಇವೆ. ಅಲ್ಲಿ ಅಡುಗೆಪಾತ್ರೆಗಳನ್ನು ನೋಡುತ್ತ ನಿಂತವರಿಗೆ, ಒಂದು ಕಾಲದಲ್ಲಿ ಇದೇ ನೆಲದ ಮೇಲೆ ಗಾಯಾಳುಗಳನ್ನು ಮಲಗಿಸಿ ಗುಂಡು ತೆಗೆಯುತ್ತಿದ್ದರೆಂದು ಊಹಿಸಿಕೊಳ್ಳುವುದು ಸುಲಭವಲ್ಲ.

ಈ ಚಿತ್ರಗಳನ್ನು ತೆಗೆಸಿದ್ದರ ಹಿಂದೆ ಸ್ಪಷ್ಟವಾದ ಲೆಕ್ಕಾಚಾರವಿತ್ತು. ಚಕ್ರವರ್ತಿಯು ತನ್ನ ಅರಮನೆಯನ್ನೇ ಸೈನಿಕರಿಗೆ ಬಿಟ್ಟುಕೊಟ್ಟಿದ್ದಾನೆ ಎಂಬ ಭಾವನೆ ಭಾರತದ ಹಳ್ಳಿಹಳ್ಳಿಗೂ ಮುಟ್ಟಬೇಕಿತ್ತು. ವಾಸ್ತವದಲ್ಲಿ ವಿಕ್ಟೋರಿಯಾ ರಾಣಿಯು ಈ ಕಟ್ಟಡವನ್ನು 1850ರಲ್ಲೇ ಪಟ್ಟಣಕ್ಕೆ ಮಾರಿಯಾಗಿತ್ತು. ಯಾವ ಚಿತ್ರ ಜನರ ಕಣ್ಣಿಗೆ ಬೀಳಬಾರದು ಎಂಬ ಎಚ್ಚರವೂ ಅಷ್ಟೇ ಇತ್ತು: ಗಾಯಾಳು ಭಾರತೀಯ ಸೈನಿಕನ ಹಾಸಿಗೆಯ ಬಳಿ ಇಂಗ್ಲಿಷ್ ದಾದಿಯೊಬ್ಬಳು ನಿಂತ ಚಿತ್ರವು 1915ರಲ್ಲಿ ಡೈಲಿ ಮೇಲ್ ಪತ್ರಿಕೆಯಲ್ಲಿ ಅಚ್ಚಾದದ್ದೇ ತಡ, ಬಿಳಿಯ ಹೆಂಗಸರು ಭಾರತೀಯ ಗಂಡಸರ ಆರೈಕೆ ಮಾಡುವುದನ್ನು ಒಪ್ಪದ ಸೇನೆಯ ಅಧಿಕಾರಿಗಳಿಗೆ ಕಸಿವಿಸಿ ಶುರುವಾಯಿತು. ಗಾಯಕ್ಕಿಂತ ದಾದಿಯೇ ಅವರಿಗೆ ದೊಡ್ಡ ತಲೆನೋವಾಗಿದ್ದಳು!

ಆದ್ದರಿಂದ ಈ ಚಿತ್ರಗಳನ್ನು ಅವುಗಳ ಪಾಡಿಗೆ ನೋಡಿ ಬಂದರೆ ಅರ್ಧ ಮಾತ್ರ ಕಂಡಂತೆ. ಜಮಾದಾರ್ (ಭಾರತೀಯ ಸೇನೆಯ ಕಿರಿಯ ಅಧಿಕಾರಿ) ಮೀರ್ ದಸ್ತ್ 1915ರ ಏಪ್ರಿಲ್ 26ರಂದು ಬೆಲ್ಜಿಯಂನ ಈಪ್ರ ಕದನದಲ್ಲಿ ವಿಷಾನಿಲದ ನಡುವೆ ತೋರಿದ ಸಾಹಸಕ್ಕಾಗಿ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವರು. ಅದೇ ವರ್ಷದ ಆಗಸ್ಟಿನಲ್ಲಿ ದೊರೆ ಐದನೆಯ ಜಾರ್ಜ್ ಸ್ವತಃ ಈ ಅರಮನೆಯ ಹುಲ್ಲುಹಾಸಿನ ಮೇಲೆ ಅವರಿಗೆ ಪದಕ ತೊಡಿಸಿದರು. ಆ ಸಮಾರಂಭದ ಚಿತ್ರದಲ್ಲಿ ಸಡಗರವಿದೆ, ಗಣ್ಯರಿದ್ದಾರೆ. ಕೆಲವೇ ದಿನಗಳಲ್ಲಿ ಮೀರ್ ದಸ್ತ್ ಬರೆಸಿದ ಪತ್ರದಲ್ಲಿ ಪದಕದ ಸಂತೋಷದ ಜೊತೆಗೇ, ಅನಿಲವು ತನಗೆ ನೆಮ್ಮದಿಯನ್ನೇ ಕೊಡುತ್ತಿಲ್ಲ, ತನ್ನ ಕಥೆ ಮುಗಿದಂತೆಯೇ ಎಂಬ ಮಾತಿದೆ. ಸೈನಿಕರ ಪತ್ರಗಳನ್ನು ಒಡೆದು ಓದುತ್ತಿದ್ದ ಸೇನೆಯ ಸೆನ್ಸಾರ್ ಅಧಿಕಾರಿಗಳು ಮಾಡಿಸಿಟ್ಟ ಅನುವಾದಗಳಿಂದಾಗಿಯೇ ಈ ಮಾತು ನಮಗೆ ಉಳಿದಿದೆ. ಅವು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕ್ಯಾಮೆರಾಗೆ ಪದಕ ಕಂಡಿತು, ಕೆಮ್ಮು ಕಾಣುವಂಥದ್ದಲ್ಲ. ಈ ಪತ್ರವನ್ನು ಓದಿಕೊಂಡು ಹೋದದ್ದರಿಂದ ಅದೇ ಹುಲ್ಲುಹಾಸಿನ ಮೇಲೆ ನನಗೆ ಬಹಳ ಹೊತ್ತು ಕುಳಿತಿರಬೇಕೆನಿಸಿತು.

ಭಾರತೀಯರು ಹೋದ ಮೇಲೆ, 1916ರಲ್ಲೇ, ಇದೇ ಕಟ್ಟಡವು ಕೈಕಾಲು ಕಳೆದುಕೊಂಡ ಬ್ರಿಟಿಷ್ ಸೈನಿಕರ ಆಸ್ಪತ್ರೆಯಾಯಿತು. ಅವರು ‘ಪೆವಿಲಿಯನ್ ಬ್ಲೂಸ್’ ಎಂಬ ಪತ್ರಿಕೆಯನ್ನು ತಾವೇ ಹೊರತಂದರು. ಭಾರತೀಯ ಗಾಯಾಳುಗಳಿಗೆ ಅಂಥ ಪತ್ರಿಕೆ ಇರಲಿಲ್ಲ. ಅವರ ಬಗ್ಗೆ ಪುರಸಭೆಯೇ ಸಚಿತ್ರ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿತು.

ಸಮಯವಿದ್ದರೆ ಪಟ್ಟಣದ ಹೊರಗೆ ಪ್ಯಾಚಮ್ ಬಳಿಯ ಗುಡ್ಡದ ಮೇಲಿರುವ ‘ಛತ್ರಿ’ ಎಂಬ ಸ್ಮಾರಕಕ್ಕೂ ಖಂಡಿತ ಹೋಗಬೇಕು. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ದಹಿಸಿದ ಜಾಗದಲ್ಲಿ 1921ರಲ್ಲಿ ಅನಾವರಣಗೊಂಡ ಬಿಳಿ ಅಮೃತಶಿಲೆಯ ಸ್ಮಾರಕವಿದು. ವಾಹನ ಅಲ್ಲಿಯವರೆಗೆ ಹೋಗುವುದಿಲ್ಲ, ಕಾಲುದಾರಿಯಲ್ಲಿ ಏರಬೇಕು. ಮಳೆ ನಿಂತ ಮರುದಿನ ಮಾಮೂಲಿ ಚಪ್ಪಲಿಯಲ್ಲಿ ಹತ್ತಿದ ನಾನು ಎರಡು ಬಾರಿ ಜಾರಿ ಬಿದ್ದೆ. ಛತ್ರಿಯ ಸಮೀಪದ ಗೋಡೆಯಲ್ಲಿ ಆ 53 ಮಂದಿಯ ಹೆಸರುಗಳನ್ನು 2010ರಲ್ಲಿ ಕೆತ್ತಲಾಯಿತು. ಮೈಸೂರು ಸಂಸ್ಥಾನದ ಲ್ಯಾನ್ಸರ್ ಅಶ್ವಪಡೆಯು ಈಜಿಪ್ಟ್ ಮತ್ತು ಪ್ಯಾಲೆಸ್ತೀನ್ ಕಡೆ ಹೋರಾಡಿದ್ದರಿಂದ, ಆ ಪಡೆಯವರ ಹೆಸರನ್ನು ಇಲ್ಲಿ ನಿರೀಕ್ಷಿಸುವಂತಿಲ್ಲ. ಬೆಳಿಗ್ಗೆ ಚಿತ್ರಗಳು, ಮಧ್ಯಾಹ್ನ ಈ ಗೋಡೆ ಎಂಬ ಕ್ರಮದಲ್ಲಿ ನೋಡುವುದು ಒಳ್ಳೆಯದು. ಹಿಡಿತವಿರುವ ಬೂಟು ಹಾಕಿಕೊಂಡು ಹೋಗಿ, ಕತ್ತಲಾಗುವ ಮೊದಲೇ ಇಳಿದು ಬನ್ನಿ.