ಮಂಗಳೂರಿನ ಸ್ಟುಡಿಯೋದಲ್ಲಿ ಜೆಂಟೂ ಲಿನಕ್ಸ್: ಹಲವು ವರ್ಷ ಬಳಸಿದ ಮೇಲೆ

ಕದ್ರಿ ಹತ್ತಿರ ನಮ್ಮದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ ಬಿಟ್ಟರೆ ಹೆಚ್ಚಿನ ಕೆಲಸ ಯಕ್ಷಗಾನದ್ದೇ. ಎಡಿಟಿಂಗ್ ಕಂಪ್ಯೂಟರಿನಲ್ಲಿ ಹಲವು ವರ್ಷಗಳಿಂದ ಜೆಂಟೂ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಓಡುತ್ತಿದೆ. ಇದರಲ್ಲಿ ಸಾಫ್ಟ್‌ವೇರನ್ನು ಅದರ ಸೋರ್ಸ್ ಕೋಡ್‌ನಿಂದ ನಾವೇ ಕಂಪೈಲ್ ಮಾಡಿಕೊಳ್ಳಬಹುದು (ಓಡುವ ರೂಪಕ್ಕೆ ತರಬಹುದು), ಅದೂ ನಮ್ಮ ಪ್ರೊಸೆಸರಿಗೆ ತಕ್ಕಂತೆ. ಹಾಗೆ ಮಾಡಿದರೆ ನಿಜವಾಗಿಯೂ ಸ್ಪೀಡ್ ಬರುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಕೆಲವು ಕಡೆ ಚೆನ್ನಾಗಿ ಬರುತ್ತದೆ. ಕೆಲವು ಕಡೆ ಒಂಚೂರೂ ಬರುವುದಿಲ್ಲ.

ನಮ್ಮದು ರೈಜನ್ 5 3600, 16 ಜಿಬಿ ರ‍್ಯಾಮ್. ಸೆಟ್ಟಿಂಗ್ ಹೆಚ್ಚಿನದೆಲ್ಲ ಮೇಕ್ ಕಾನ್ಫ್ ಎಂಬ ಒಂದು ಫೈಲಿನಲ್ಲಿ. ಅಲ್ಲಿ ಮಾರ್ಚ್ ನೇಟಿವ್ (ಈ ಪ್ರೊಸೆಸರಿಗೇ ಎಂದು), ಓ2 (ಕೋಡನ್ನು ಎಷ್ಟು ಚುರುಕು ಮಾಡಬೇಕೆಂಬ ಮಟ್ಟ), ಪೈಪ್ ಎಂದು ಬರೆದರೆ ಜಿಸಿಸಿ ಎಂಬ ಕಂಪೈಲರ್ ಪ್ರೊಸೆಸರನ್ನೇ ವಿಚಾರಿಸಿಕೊಂಡು ಎವಿಎಕ್ಸ್2, ಎಫ್‌ಎಂಎ ಮುಂತಾದ ಇನ್‌ಸ್ಟ್ರಕ್ಷನ್‌ಗಳನ್ನು (ಲೆಕ್ಕ ಬೇಗ ಮಾಡುವ ಪ್ರೊಸೆಸರ್ ಆದೇಶಗಳನ್ನು) ಬಳಸುತ್ತದೆ. ಎಂಟ್ಯೂನ್ ಅಂತ ಇನ್ನೊಂದು ಆಯ್ಕೆ ಇದೆ. ಅದು ಹೊಸ ಇನ್‌ಸ್ಟ್ರಕ್ಷನ್ ಸೇರಿಸುವುದಿಲ್ಲ, ಇರುವ ಕೋಡನ್ನು ಒಂದು ಪ್ರೊಸೆಸರಿಗೆ ಒಗ್ಗುವಂತೆ ಜೋಡಿಸುತ್ತದೆ ಅಷ್ಟೆ. ಮಾರ್ಚ್, ಎಂಟ್ಯೂನ್ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸಿಪಿಯು ಫ್ಲ್ಯಾಗ್ಸ್ ಎಂಬ ಬೇರೆ ಪಟ್ಟಿಯೊಂದಿದೆ. ಕೈಯಲ್ಲಿ ಬರೆದ ಅಸೆಂಬ್ಲಿ (ಪ್ರೊಸೆಸರಿಗೆ ನೇರ ಆದೇಶ ಕೊಡುವ) ಕೋಡ್ ಇರುವ ಎಷ್ಟೋ ಪ್ಯಾಕೇಜ್‌ಗಳು ಈ ಪಟ್ಟಿ ನೋಡಿಯೇ ಏನನ್ನು ಸೇರಿಸಬೇಕು ಎಂದು ತೀರ್ಮಾನ ಮಾಡುತ್ತವೆ. ನೀವು ತುಂಬದಿದ್ದರೆ ಎಸ್‌ಎಸ್‌ಇ2 ಎಂಬ ಹಳೆಯ ಇನ್‌ಸ್ಟ್ರಕ್ಷನ್‌ಗಳವರೆಗಿನದ್ದು ಮಾತ್ರ ಸಿಗುತ್ತದೆ. ಸಿಪಿಯುಐಡಿ2ಸಿಪಿಯುಫ್ಲ್ಯಾಗ್ಸ್ ಎಂಬ ಪುಟ್ಟ ಟೂಲ್ ಓಡಿಸಿದರೆ ಬೇಕಾದ ಪಟ್ಟಿ ರೆಡಿಯಾಗಿ ಬರುತ್ತದೆ, ಮುಂದೆ */* ಸೇರಿಸಿ ಪ್ಯಾಕೇಜ್ ಯೂಸ್ ಫೈಲಿನಲ್ಲಿ ಅಂಟಿಸಿದರೆ ಆಯಿತು.

ಈಗ ಲಾಭದ ಮಾತು. ಇಡೀ ರಾತ್ರಿಯ ಆಟದ ವಿಡಿಯೋ ಎನ್‌ಕೋಡ್ ಮಾಡುವಾಗ ಮಾರ್ಚ್ ನೇಟಿವ್‌ನಿಂದ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಎಫ್‌ಎಫ್‌ಎಂಪೆಗ್, ಎಕ್ಸ್264 ಎಂಬ ವಿಡಿಯೋ ಪ್ರೋಗ್ರಾಂಗಳು ಓಡುವಾಗಲೇ ಪ್ರೊಸೆಸರ್ ಯಾವುದೆಂದು ನೋಡಿ ಅದಕ್ಕೆ ಸರಿಯಾದ ಅಸೆಂಬ್ಲಿಯನ್ನು ಆರಿಸಿಕೊಳ್ಳುತ್ತವೆ. ಬೇರೆಯವರು ಕಂಪೈಲ್ ಮಾಡಿ ಕೊಟ್ಟ ರೆಡಿ ಬೈನರಿಯೂ ಅದೇ ಕೆಲಸ ಮಾಡುತ್ತದೆ. ಬರೀ ವಿಡಿಯೋಗೋಸ್ಕರ ಜೆಂಟೂ ಹಾಕುತ್ತೇನೆ ಅನ್ನುವವರಿಗೆ ಸುಮ್ನೆ ತಲೆನೋವು ಬೇಡ ಎಂದೇ ಹೇಳುತ್ತೇನೆ.

ಫೋಟೋ ವಿಷಯ ಬೇರೆ. ರಂಗಸ್ಥಳದ ಬೆಳಕಿನಲ್ಲಿ ಬಣ್ಣದ ವೇಷ ತೆಗೆಯುವಾಗ ಐಎಸ್‌ಒ (ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ) ಮೇಲೇರುತ್ತದೆ, ನಾಯ್ಸ್ (ಚಿತ್ರದಲ್ಲಿ ಬರುವ ಚುಕ್ಕೆಗಳು) ತೆಗೆಯುವುದೇ ದೊಡ್ಡ ಕೆಲಸ. ಕ್ಯಾಮೆರಾದ ರಾ ಫೈಲಿಗೆ ನಾವು ರಾಥೆರಪಿ ಎಂಬ ಪ್ರೋಗ್ರಾಂ ಬಳಸುತ್ತೇವೆ. ಪ್ರೊಸೆಸರ್‌ಗೆ ತಕ್ಕ ಬಿಲ್ಡ್ ಮಾಡಲು ಅದನ್ನು ಮಾಡಿದವರೇ ಆಯ್ಕೆ ಇಟ್ಟಿದ್ದಾರೆ. ನೇಟಿವ್ ಬಿಲ್ಡ್‌ನಲ್ಲಿ ದೊಡ್ಡ ಬ್ಯಾಚ್ ಹಾಕಿದಾಗ ಬೇಗ ಮುಗಿಯುವುದು ನಮಗೆ ಚೆನ್ನಾಗಿ ಗೊತ್ತಾಗುತ್ತದೆ. ಲೆಕ್ಕದ ಲೂಪ್‌ಗಳು ಜಾಸ್ತಿ ಇರುವ ಪ್ರೋಗ್ರಾಂಗಳಲ್ಲಿ ಹೀಗೆ ಆಗುತ್ತದೆ. 2022ರ ಜಿಸಿಸಿ 12ರಿಂದ ಓ2 ಇದ್ದರೂ ಕಂಪೈಲರ್ ತಾನಾಗಿ ವೆಕ್ಟರೈಸ್ ಮಾಡುತ್ತದೆ (ಲೂಪಿನ ಹಲವು ಲೆಕ್ಕ ಒಟ್ಟಿಗೆ ಮಾಡಿಸುತ್ತದೆ), ಹಾಗಾಗಿ ಎಲ್ಲದಕ್ಕೂ ಅದರ ಮೇಲಿನ ಮಟ್ಟ ಓ3 ಹಾಕುವ ಆಸೆ ಬಿಟ್ಟರೂ ನಷ್ಟವಿಲ್ಲ. ಫಾಸ್ಟ್ ಮ್ಯಾಥ್ ಎಂಬ ಆಯ್ಕೆಯನ್ನಂತೂ ಇಡೀ ಸಿಸ್ಟಮ್‌ಗೆ ಹಾಕಲೇಬೇಡಿ. ದಶಾಂಶದ ಲೆಕ್ಕದ ಫಲಿತಾಂಶವೇ ಬದಲಾಗಬಹುದು.

ಸಮಯ ತಿನ್ನುವುದು ಕಂಪೈಲ್ ಮಾಡುವ ಕೆಲಸ. ಒಂದು ಜಾಬಿಗೆ (ಒಟ್ಟಿಗೆ ನಡೆಯುವ ಕಂಪೈಲ್ ಕೆಲಸಗಳಲ್ಲಿ ಒಂದಕ್ಕೆ) 2 ಜಿಬಿ ರ‍್ಯಾಮ್ ಎಂದು ಹಿಡಿಯಬೇಕು. ನಮ್ಮಲ್ಲಿ ಥ್ರೆಡ್ 12 ಇದ್ದರೂ 16 ಜಿಬಿಗೆ ಜೆ8, ಅಂದರೆ ಎಂಟು ಜಾಬ್ ಮಾತ್ರ. ಏಪ್ರಿಲ್, ಮೇ ಸೆಖೆಯಲ್ಲಿ ಎಂಟು ಜಾಬ್ ಓಡಿದರೆ ಕೋಣೆಯಲ್ಲಿ ಕೂರಲಿಕ್ಕೇ ಆಗುವುದಿಲ್ಲ. ದೊಡ್ಡ ಅಪ್‌ಡೇಟ್ ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆಯೇ. ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ನಮಗೂ ಪುರುಸೊತ್ತು. ಆಮೇಲೆ ಮಳೆ, ಕರೆಂಟ್ ಹೋಗುತ್ತಾ ಇರುತ್ತದೆ. ಜೆಂಟೂದ ಇನ್‌ಸ್ಟಾಲ್ ಕಮಾಂಡ್ ಆದ ಎಮರ್ಜ್‌ಗೆ ರೆಸ್ಯೂಮ್ ಎಂದು ಕೊಟ್ಟರೆ ಉಳಿದ ಪಟ್ಟಿ ಮುಂದುವರಿಯುತ್ತದೆ, ಆದರೆ ಅರ್ಧಕ್ಕೆ ನಿಂತ ಪ್ಯಾಕೇಜ್ ಮಾತ್ರ ಮೊದಲಿನಿಂದ. ಸಿಕ್ಯಾಶ್ (ಹಿಂದೆ ಕಂಪೈಲ್ ಆದದ್ದನ್ನು ಉಳಿಸಿ ಮತ್ತೆ ಬಳಸುವ ಟೂಲ್) ಹಾಕಿಕೊಳ್ಳಿ, ತುಂಬಾ ಉಪಕಾರ ಆಗುತ್ತದೆ. 2023ರ ಡಿಸೆಂಬರ್‌ನಿಂದ ಜೆಂಟೂದವರೇ ಬೈನರಿ ಪ್ಯಾಕೇಜ್ ಕೊಡುತ್ತಿದ್ದಾರೆ. ಲಿಬ್ರೆಆಫೀಸ್ ತರಹದ ಭಾರದ್ದನ್ನು ಅಲ್ಲಿಂದ ತೆಗೆದುಕೊಂಡು, ನಿಮಗೆ ಲಾಭ ಇರುವ ನಾಲ್ಕೈದನ್ನು ಮಾತ್ರ ಕಂಪೈಲ್ ಮಾಡಿದರೆ ಸಾಕಲ್ವಾ?

ಒಂದು ಸಲ ಪರಿಚಯದ ಇನ್ನೊಂದು ಸ್ಟುಡಿಯೋದವರು ನಮ್ಮಲ್ಲಿ ಬಿಲ್ಡ್ ಆದ ಪ್ಯಾಕೇಜನ್ನು ತಮ್ಮ ಹಳೆಯ ಮೂರನೇ ತಲೆಮಾರಿನ ಐ5ಗೆ ಹಾಕಿದರು. ಫೋನ್ ಬಂತು: “ಎಂತ ಮಾರಾಯ್ರೆ, ಕ್ಲಿಕ್ ಮಾಡಿದ ಕೂಡಲೇ ಬಂದ್ ಆಗ್ತದೆ!” ಟರ್ಮಿನಲ್‌ನಿಂದ ಓಡಿಸಿ ಎಂದೆ. ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಎಂಬ ಒಂದೇ ಸಾಲು ಬಂತು. ಆ ಪ್ರೊಸೆಸರಿನಲ್ಲಿ ಎವಿಎಕ್ಸ್ ಇದೆ, ಎವಿಎಕ್ಸ್2 ಇಲ್ಲ. ಎರಡೂ ಕಡೆ ಓಡಬೇಕಾದ ಪ್ಯಾಕೇಜನ್ನು ಮಾರ್ಚ್‌ನಲ್ಲಿ ನೇಟಿವ್ ಬದಲು ಎಕ್ಸ್86-64-ವಿ2 (ಎವಿಎಕ್ಸ್ ಬೇಡದ ಸಾಮಾನ್ಯ ಮಟ್ಟ) ಎಂದು ಬಿಲ್ಡ್ ಮಾಡಬೇಕು. ವಿ3 ಅಂದರೆ ಎವಿಎಕ್ಸ್2 ಬೇಕೇ ಬೇಕು.

ಪ್ರೊಸೆಸರ್ ಬದಲಿಸುವವರು ಇದನ್ನು ಇನ್ನೂ ಗಮನಿಸಬೇಕು. ಹೊಸದರಲ್ಲಿ ಹಳೆಯದೆಲ್ಲ ಇದ್ದೇ ಇರುತ್ತದೆ ಅನ್ನುವಂತಿಲ್ಲ. ಇಂಟೆಲ್‌ನ 11ನೇ ತಲೆಮಾರಿನ ಡೆಸ್ಕ್‌ಟಾಪ್ ಕೋರ್ ಪ್ರೊಸೆಸರ್‌ಗಳಲ್ಲಿ ಎವಿಎಕ್ಸ್-512 ಇತ್ತು, 12ನೆಯದರಲ್ಲಿ ಅಧಿಕೃತವಾಗಿ ಇಲ್ಲ. ನೇಟಿವ್ ಎಂದು ಬಿಲ್ಡ್ ಮಾಡಿದ ಡಿಸ್ಕನ್ನು ಹಾಗೇ ಎತ್ತಿ ಹೊಸ ಬೋರ್ಡಿಗೆ ಹಾಕಿದರೆ ಬೂಟ್ ಆಗದೆಯೂ ಇರಬಹುದು. ಮೇಕ್ ಕಾನ್ಫ್ ತಿದ್ದಿದ ಮಾತ್ರಕ್ಕೆ ಈಗಾಗಲೇ ಇನ್‌ಸ್ಟಾಲ್ ಆದದ್ದು ಬದಲಾಗುವುದಿಲ್ಲ. ಹಳೆಯ ಬೋರ್ಡ್ ಇರುವಾಗಲೇ ವಿ2 ಎಂದು ಬರೆದು ಎಮರ್ಜ್‌ಗೆ ಎಂಪ್ಟಿಟ್ರೀ ಎಂಬ ಆಯ್ಕೆ ಕೊಟ್ಟು ಇಡೀ ವರ್ಲ್ಡನ್ನು (ಇನ್‌ಸ್ಟಾಲ್ ಆದ ಎಲ್ಲ ಪ್ಯಾಕೇಜ್‌ಗಳನ್ನು) ರೀಬಿಲ್ಡ್ ಮಾಡಿ, ಆಮೇಲೆ ಸ್ಕ್ರೂ ಬಿಚ್ಚಿ.