ಬೇಣದ ಇಳಿಜಾರಿನಲ್ಲಿ ಮೂರು ಮನೆ: ಕಡಿದು ಮಟ್ಟ ಮಾಡಿದ್ದು, ಕಂಬದ ಮೇಲೆ ನಿಂತದ್ದು, ಎರಡು ಹಂತದಲ್ಲಿ ಇಳಿದದ್ದು

ತೀರ್ಥಹಳ್ಳಿಯ ಕಡೆ ಮನೆ ಕಟ್ಟುವವರಿಗೆ ಮಟ್ಟವಾದ ಜಾಗ ಸಿಗುವುದು ಹೆಚ್ಚಾಗಿ ಗದ್ದೆಯಲ್ಲಿ. ಗದ್ದೆಗೆ ಮಣ್ಣು ತುಂಬಲು ಮನಸ್ಸು ಬಾರದವರಿಗೆ ಉಳಿಯುವುದು ಬೇಣದ, ಅಂದರೆ ಹುಲ್ಲು ಬೆಳೆಯುವ ಗುಡ್ಡದ, ಇಳಿಜಾರು. ನಮ್ಮ ಕುಟುಂಬದಲ್ಲಿ ಅಂಥ ಇಳಿಜಾರಿನಲ್ಲಿ ಮೂರು ಮನೆಗಳು ಮೂರು ಬಗೆಯಲ್ಲಿ ಎದ್ದಿವೆ. ಅಣ್ಣ 2014ರಲ್ಲಿ ಗುಡ್ಡವನ್ನು ಕಡಿದು ಮಟ್ಟ ಮಾಡಿ ಕಟ್ಟಿದನು. ಹೊಸನಗರದ ಕಡೆ ಅಕ್ಕ ಮತ್ತು ಭಾವ ಕಾಂಕ್ರೀಟ್ ಕಂಬಗಳ ಮೇಲೆ ಮನೆಯನ್ನು ನಿಲ್ಲಿಸಿದರು. ನಾನು 2021ರಲ್ಲಿ ಆರಂಭಿಸಿ ಮರುವರ್ಷ ಮುಗಿಸಿದ ಮನೆ ಎರಡು ಹಂತಗಳದ್ದು. ಅಣ್ಣನ ಮನೆಯಲ್ಲಿ ಐದು ಮಳೆಗಾಲ, ಅಕ್ಕನ ಮನೆಯಲ್ಲಿ ಉದ್ಯೋಗದ ನಿಮಿತ್ತ ಒಂದು ವರ್ಷ ವಾಸವಾಗಿದ್ದುದರಿಂದ, ಈ ಹೋಲಿಕೆಯಲ್ಲಿ ಹೇಳುವುದೆಲ್ಲವೂ ಆ ಮನೆಗಳಲ್ಲಿದ್ದು ಕಂಡದ್ದು.

ನನ್ನ ನಿವೇಶನದ ಅಳತೆಯನ್ನು ಮೊದಲೇ ಹೇಳಿದರೆ ಮುಂದಿನ ಲೆಕ್ಕ ಸುಲಭವಾಗುತ್ತದೆ. ಇಳಿಜಾರಿನ ದಿಕ್ಕಿನಲ್ಲಿ ಉದ್ದ 60 ಅಡಿ, ಅಡ್ಡಲಾಗಿ ಅಗಲ 40 ಅಡಿ. ನೀರು ತುಂಬಿದ ಪಾರದರ್ಶಕ ಪೈಪನ್ನು ಹಿಡಿದು ಮೇಸ್ತ್ರಿಯೂ ನಾನೂ ಮಟ್ಟ ನೋಡಿದಾಗ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ 9 ಅಡಿ ವ್ಯತ್ಯಾಸವಿತ್ತು. ಇಡೀ ಜಾಗವನ್ನು ಕೆಳಗಿನ ಮಟ್ಟಕ್ಕೆ ಇಳಿಸಿದರೆ ತೆಗೆಯಬೇಕಾದ ಮಣ್ಣು 10,800 ಘನ ಅಡಿ. ಮೇಲರ್ಧವನ್ನು ಕಡಿದು ಕೆಳಗಿನರ್ಧಕ್ಕೆ ತುಂಬಿದರೆ 2,700 ಘನ ಅಡಿ ಸಾಕು. ಅದನ್ನೇ ಎರಡು ಹಂತಗಳಲ್ಲಿ ಮಾಡಿದರೆ 1,350ಕ್ಕೆ ಇಳಿಯುತ್ತದೆ. ಮಣ್ಣಿನ ಪ್ರಮಾಣಕ್ಕಿಂತಲೂ ಮುಖ್ಯವಾದದ್ದು ಧರೆಯ, ಅಂದರೆ ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಅಂಚಿನ, ಎತ್ತರ. ತಡೆಗೋಡೆಯ ಮೇಲೆ ಮಣ್ಣು ಹಾಕುವ ಒಟ್ಟು ಒತ್ತಡ ಎತ್ತರದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, 9 ಅಡಿಯ ಗೋಡೆ ತಡೆಯಬೇಕಾದ ಭಾರ ನಾಲ್ಕೂವರೆ ಅಡಿಯ ಗೋಡೆಯದಕ್ಕಿಂತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದರ ಹಿಂದೆ ಮಳೆಯ ನೀರು ನಿಂತರೆ ಇನ್ನೂ ಹೆಚ್ಚು.

ಅಣ್ಣನ ಮನೆಯಲ್ಲಿ ನಡೆದದ್ದು ಇದೇ. ರಸ್ತೆಯ ಮಟ್ಟಕ್ಕೆ ಸರಿಯಾಗಿ ನೆಲ ಸಿಗಲೆಂದು ಜೆಸಿಬಿಯಿಂದ ಮೂರು ದಿನ ಕಡಿಸಿದಾಗ ಖರ್ಚು ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಆಗ ನಮಗೆಲ್ಲ ಅದು ಬಹಳ ಲಾಭದ ದಾರಿಯಾಗಿ ಕಂಡಿತ್ತು. ಮನೆಯ ಹಿಂದೆ ಹತ್ತು ಅಡಿಯ ಧರೆ ನೆಟ್ಟಗೆ ನಿಂತಿತ್ತು. ಮೇಲಿನ ಐದಾರು ಅಡಿ ಜಂಬಿಟ್ಟಿಗೆ. ಅದು ಗಾಳಿಗೆ ತೆರೆದುಕೊಂಡಷ್ಟೂ ಗಟ್ಟಿಯಾಗುವ ಕಲ್ಲು. ಆದ್ದರಿಂದ ಯಾರಿಗೂ ಭಯವಾಗಲಿಲ್ಲ. ಆದರೆ ಅದರ ಕೆಳಗೆ ಬಿಳಿ ಮತ್ತು ನಸುಗೆಂಪು ಬಣ್ಣದ ಶೇಡಿ ಮಣ್ಣಿತ್ತು. ಒಣಗಿದಾಗ ಗೋಡೆಯಂತೆ ನಿಲ್ಲುವ ಶೇಡಿ ನೆನೆದರೆ ಬೆಣ್ಣೆಯಂತೆ ಜಾರುತ್ತದೆ. 2019ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆ ಬಿಡದೆ ಹೊಡೆಯುತ್ತಿದ್ದಾಗ, ಶೇಡಿ ಜಾರಿ ಮೇಲಿನ ಜಂಬಿಟ್ಟಿಗೆಯ ಹೆಂಟೆಗಳು ಬಚ್ಚಲುಮನೆಯ ಮೇಲೆ ಕುಸಿದವು. ಅದು ಬೆಳಗಿನ ಜಾವವಾಗಿದ್ದು, ಒಳಗೆ ಯಾರೂ ಇರಲಿಲ್ಲವೆಂಬುದನ್ನು ನೆನೆದರೆ ನನಗೆ ಈಗಲೂ ಎದೆ ನಡುಗುತ್ತದೆ. ಧರೆಗೂ ಮನೆಗೂ ಇದ್ದ ಅಂತರ ಬರೀ ನಾಲ್ಕು ಅಡಿ. ಹಿಂದಿನವರು ಮನೆಯ ಹಿಂದೆ ಅಗಲವಾದ ಹಿತ್ತಲನ್ನು ಬಿಟ್ಟು, ಧರೆಯ ಮೇಲೆ ಅಗಳು ತೋಡಿ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸುತ್ತಿದ್ದುದರ ಕಾರಣ ಆ ದಿನ ನಮಗೆ ಸರಿಯಾಗಿ ಅರ್ಥವಾಯಿತು. ತಡೆಗೋಡೆ, ಹೊಸ ಬಚ್ಚಲುಮನೆ, ಬಿರುಕು ಬಿಟ್ಟ ಜಗಲಿಯ ದುರಸ್ತಿ ಎಲ್ಲ ಸೇರಿ ಅಣ್ಣನಿಗೆ ಸುಮಾರು 5 ಲಕ್ಷ ಖರ್ಚಾಯಿತು.

ಜಗಲಿ ಬಿರುಕು ಬಿಟ್ಟದ್ದಕ್ಕೆ ಕಾರಣ ಬೇರೆ. ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಅಂಗಳವನ್ನು ಹಿಗ್ಗಿಸಿದ್ದರು. ಜಗಲಿಯ ಒಂದು ಬದಿ ಹಳೆಯ ಗಟ್ಟಿ ನೆಲದ ಮೇಲೆ, ಇನ್ನೊಂದು ಬದಿ ತುಂಬಿದ ಮಣ್ಣಿನ ಮೇಲೆ ಕುಳಿತಿತ್ತು. “ತುಂಬಿದ ಮಣ್ಣು ಎರಡು ಮಳೆಗಾಲ ನೆನೆದು ಕೂರಬೇಕು, ಇಲ್ಲದಿದ್ದರೆ ಅರ್ಧರ್ಧ ಅಡಿ ಹಾಕಿ ನೀರು ಬಿಟ್ಟು ದಮ್ಮಸ್ಸು ಮಾಡಬೇಕು” ಎಂದು ನನ್ನ ಮೇಸ್ತ್ರಿ ಅನಂತರ ಹೇಳಿದ ಮಾತು ಅಣ್ಣನಿಗೆ ಮೊದಲೇ ತಲುಪಿದ್ದರೆ ಚೆನ್ನಾಗಿತ್ತು. ಇಷ್ಟಾದರೂ ಆ ಮನೆಯ ಅನುಕೂಲವೊಂದನ್ನು ಮರೆಯಲಾಗದು: ಅಡಿಕೆ ಒಣಗಿಸಲು ಬೇಕಾದ ವಿಶಾಲವಾದ ಅಂಗಳ ಇರುವುದು ಅಲ್ಲಿ ಮಾತ್ರ. ಕೊಯ್ಲಿನ ಕಾಲದಲ್ಲಿ ಉಳಿದ ಎರಡು ಮನೆಯವರೂ ಅಣ್ಣನ ಅಂಗಳವನ್ನೇ ನೆಚ್ಚಿಕೊಂಡಿದ್ದೇವೆ.

ಅಕ್ಕನ ಮನೆಯಲ್ಲಿ ಗುಡ್ಡವನ್ನು ಮುಟ್ಟಿಯೇ ಇಲ್ಲವೆನ್ನಬೇಕು. ರಸ್ತೆ ಮೇಲ್ಗಡೆ ಇರುವುದರಿಂದ ಬಾಗಿಲಿಗೆ ನೇರವಾಗಿ ಹೋಗಬಹುದು. ಹಿಂಬದಿಯ ಕಂಬಗಳು ಎಂಟು ಅಡಿ ಎತ್ತರವಾಗಿದ್ದು, ಮಳೆಯ ನೀರು ಅವುಗಳ ನಡುವೆ ತನ್ನ ಪಾಡಿಗೆ ಹರಿದುಹೋಗುತ್ತದೆ. 2019ರ ಅದೇ ಮಳೆಯಲ್ಲಿ ಆ ಮನೆಗೆ ಕೂದಲೆಳೆಯಷ್ಟೂ ತೊಂದರೆಯಾಗಲಿಲ್ಲ. ಕೆಳಗಿನ ಜಾಗದಲ್ಲಿ ಸೌದೆ, ಬೈಕು, ಗೊಬ್ಬರದ ಚೀಲಗಳು ಒಣಗಿಯೇ ಇರುತ್ತವೆ. ಆದರೆ ಕಬ್ಬಿಣ ಮತ್ತು ಸೆಂಟ್ರಿಂಗ್ ಖರ್ಚು ಹೆಚ್ಚು, ಎಂಜಿನಿಯರರ ಲೆಕ್ಕವಿಲ್ಲದೆ ಮುಂದುವರಿಯುವಂತಿಲ್ಲ. ಮೇಲ್ಗಡೆಯ ಗಿಡ್ಡ ಕಂಬಗಳು ಭೂಮಿ ಅಲುಗಿದಾಗ ಉದ್ದ ಕಂಬಗಳಿಗಿಂತ ಹೆಚ್ಚಿನ ಹೊಡೆತವನ್ನು ತಿನ್ನುವುದರಿಂದ, ಎಲ್ಲವನ್ನೂ ನಡುವೆ ತೊಲೆಗಳಿಂದ ಬಿಗಿಯಬೇಕಾಯಿತು. ಇನ್ನು, ಕೆಳಗಿನಿಂದ ಬೀಸುವ ಗಾಳಿಗೆ ಪುನರ್ವಸು, ಪುಷ್ಯ ಮಳೆಗಳಲ್ಲಿ ನೆಲ ಕಾಲಿಡಲಾಗದಷ್ಟು ತಣ್ಣಗಿರುತ್ತದೆ. ಅಮ್ಮ ಅಲ್ಲಿ ತಿಂಗಳೊಪ್ಪತ್ತು ಇದ್ದು ಬಂದು, ಹಿತ್ತಲಿಗೆ ಇಳಿಯಲು ಹದಿನಾರು ಮೆಟ್ಟಿಲು ಎಂದರೆ ಒಂದು ಎಸಳು ಕರಿಬೇವು ತರುವುದೂ ಪ್ರಯಾಣವೇ ಎಂದು ಬೇಸರಪಟ್ಟುಕೊಂಡರು.

ನನ್ನ ಒಟ್ಟು ಮಿತಿ 30 ಲಕ್ಷ. ಅದೇ ನಿವೇಶನಕ್ಕೆ ಮೂರು ನಕ್ಷೆಗಳನ್ನು ಬರೆಸಿ, ನೆಲದ ಕೆಲಸ ಮತ್ತು ಪಂಚಾಂಗದವರೆಗಿನ (ಗೋಡೆ ಏಳುವ ಮೊದಲಿನ ಅಡಿಪಾಯದ ಕಟ್ಟಡದವರೆಗಿನ) ಖರ್ಚನ್ನು ಬೇರೆಯಾಗಿ ಕೇಳಿದೆ. ಅರ್ಧ ಕಡಿದು ಅರ್ಧ ತುಂಬಿ ಎರಡೂ ಬದಿಗೆ ಕಲ್ಲಿನ ಗೋಡೆ ಕಟ್ಟಲು 6.8 ಲಕ್ಷ, ಕಂಬಗಳಿಗೆ 7.9 ಲಕ್ಷ, ಎರಡು ಹಂತಕ್ಕೆ 5.6 ಲಕ್ಷ ಎಂದು ಬಂತು. ನಾನು ಮೂರನೆಯದನ್ನು ಆರಿಸಿದ್ದಕ್ಕೆ ಈ ಅಂಕಿಗಳಿಗಿಂತ ಹೆಚ್ಚಾಗಿ ಅಣ್ಣನ ಬಚ್ಚಲುಮನೆಯ ನೆನಪೇ ಕಾರಣ: ನನ್ನ ಮನೆಯ ಹಿಂದಿನ ಧರೆ ಎರಡೂಕಾಲು ಅಡಿಗಿಂತ ಎತ್ತರವಿಲ್ಲ.

ಎರಡು ಹಂತದ ಮನೆಗೂ ತನ್ನದೇ ಆದ ತೊಡಕುಗಳಿವೆ. ಮೇಲಿನ ನೆಲಕ್ಕೂ ಕೆಳಗಿನ ನೆಲಕ್ಕೂ ನಡುವೆ ನಾಲ್ಕೂವರೆ ಅಡಿಯ ತಡೆಗೋಡೆ ಮನೆಯ ಒಳಗೇ ಬರುತ್ತದೆ. ಮೊದಲ ವರ್ಷ ಆರಿದ್ರಾ ಮಳೆ ಹಿಡಿದ ಕೂಡಲೇ ಆ ಗೋಡೆ ಬೆವರತೊಡಗಿ, ಕೆಳಗಿನ ಕೋಣೆಯ ಕಪಾಟಿನ ಬಟ್ಟೆಗಳಿಗೆಲ್ಲ ಬೂಸ್ಟು ಬಂತು. ಒಳಗಿನಿಂದ ಬಳಿದ ಯಾವ ಬಣ್ಣವೂ ನಿಲ್ಲಲಿಲ್ಲ. ನೀರು ಬರುತ್ತಿದ್ದುದು ಗುಡ್ಡದ ಒರತೆಯಿಂದ. ಆದ್ದರಿಂದ ಮರುಬೇಸಿಗೆಯಲ್ಲಿ ಮನೆಯ ಮೇಲ್ಬದಿಗೆ ಮೂರು ಅಡಿ ಆಳದ ಅಗಳು ತೋಡಿ, ತೂತಿನ ಪೈಪನ್ನು ಜಲ್ಲಿಯ ನಡುವೆ ಮಲಗಿಸಿ ಹಳ್ಳದ ಕಡೆಗೆ ಬಿಟ್ಟೆವು. 48,000 ರೂಪಾಯಿ ಖರ್ಚಾಯಿತು, ಗೋಡೆ ಒಣಗಿತು. ಪಾಯ ಹಾಕುವಾಗಲೇ ಈ ಕೆಲಸ ಮಾಡಿದ್ದರೆ ಅರ್ಧ ಹಣದಲ್ಲಿ ಮುಗಿಯುತ್ತಿತ್ತು. ಮೇಲಿನ ಮಾಡು ಮುಗಿದು ಕೆಳಗಿನ ಹೆಂಚಿನ ಮಾಡು ಗೋಡೆಗೆ ಸೇರುವ ಸಂದಿಯೂ ಸೋರುವ ಜಾಗವೇ. ಅಲ್ಲಿ ತಗಡನ್ನು ಗೋಡೆಯೊಳಗೆ ಕೂರಿಸಿ ಗಾರೆ ಮಾಡಿಸಿಕೊಳ್ಳದೆ ಬಿಡಬಾರದು.

ಒಳಗಿನ ಮೆಟ್ಟಿಲುಗಳ ವಿಷಯದಲ್ಲಿ ನಾನು ಹೆಚ್ಚು ಯೋಚಿಸಿದ್ದೆ. ನಾಲ್ಕೂವರೆ ಅಡಿಗೆ ಆರಾರು ಅಂಗುಲದ ಒಂಬತ್ತು ಮೆಟ್ಟಿಲು. ಅಮ್ಮನ ಕೋಣೆ, ಬಚ್ಚಲುಮನೆ, ದೇವರ ಕೋಣೆ, ಅಡಿಗೆಮನೆ, ತುಳಸಿಕಟ್ಟೆಯ ಪುಟ್ಟ ಅಂಗಳ ಎಲ್ಲವನ್ನೂ ಮೇಲಿನ ಹಂತದಲ್ಲೇ ಇರಿಸಿ, ಮಕ್ಕಳ ಕೋಣೆ, ಓದುವ ಜಾಗ ಮತ್ತು ಉಗ್ರಾಣವನ್ನು ಕೆಳಗಿಟ್ಟೆವು. ಅಮ್ಮ ಇಡೀ ದಿನ ಒಂದೂ ಮೆಟ್ಟಿಲಿಳಿಯದೆ ಇರಬಲ್ಲರು.

ನನ್ನ ತೀರ್ಮಾನ ಎಲ್ಲ ಜಾಗಕ್ಕೂ ಹೊಂದುವುದಿಲ್ಲ. ಒಂದೇ ಜಿಲ್ಲೆಯಾದರೂ ಶಿವಮೊಗ್ಗ ನಗರದಲ್ಲಿ ವರ್ಷಕ್ಕೆ 1,000 ಮಿಲಿಮೀಟರಿನ ಆಸುಪಾಸು ಮಳೆ, ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ನಗರದ ಹೊರವಲಯದಲ್ಲಿ ಮೂರು ಅಡಿಯೊಳಗಿನ ಇಳಿಜಾರಾದರೆ ಮಟ್ಟ ಮಾಡುವುದೇ ಸರಳ. ಘಟ್ಟದ ಅಂಚಿನಲ್ಲಿ, 60 ಅಡಿಗೆ ಹನ್ನೆರಡು ಅಡಿಗಿಂತ ಹೆಚ್ಚು ಇಳಿಯುವ ಜಾಗವಾದರೆ ಖರ್ಚಾದರೂ ಕಂಬಗಳೇ ಲೇಸು. ನಡುವಿನ ಜಾಗಗಳಿಗೆ ನಾನು ಎರಡು ಹಂತವನ್ನೇ ಹೇಳುತ್ತೇನೆ. ಯಾವುದನ್ನು ಆರಿಸುವ ಮೊದಲೂ ಮೇಲಿನ ಅಂಚಿನಲ್ಲಿ ಒಂದಾಳುದ್ದದ ಗುಂಡಿ ತೆಗೆಸಿ, ಜಂಬಿಟ್ಟಿಗೆಯ ಕೆಳಗೆ ಶೇಡಿ ಎಷ್ಟು ಆಳದಲ್ಲಿ ಸಿಗುತ್ತದೆ ಎಂಬುದನ್ನೂ, ಆಷಾಢದಲ್ಲಿ ಅದೇ ಗುಂಡಿಯಲ್ಲಿ ಒರತೆ ಎಲ್ಲಿಯವರೆಗೆ ಏಳುತ್ತದೆ ಎಂಬುದನ್ನೂ ಒಂದು ಮಳೆಗಾಲ ಕಾದು ನೋಡುವುದು ಅಗತ್ಯ.