3060 ಎಂದರೆ ಸಾಲದು, ಎಷ್ಟು ಜಿಬಿ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ

ಮಂಗಳೂರಿನಲ್ಲಿ ಹಳೆಯ ಗ್ರಾಫಿಕ್ಸ್ ಕಾರ್ಡ್ ಕೊಟ್ಟು ಹೊಸದನ್ನು ತೆಗೆದುಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಹಂಪನಕಟ್ಟೆ ಆಸುಪಾಸಿನ ಅಂಗಡಿಯೊಂದರಲ್ಲಿ 12 ಜಿಬಿಯ ಆರ್‌ಟಿಎಕ್ಸ್ 3060 ಎಂದು ಹೇಳಿ, ಅದರದೇ ಹಣ ಎಣಿಸಿಕೊಂಡು, 8 ಜಿಬಿಯ ಕಾರ್ಡನ್ನು ನನ್ನ ತಲೆಗೆ ಕಟ್ಟಿದ್ದಾರೆ. ಬರೆಯುವಾಗಲೂ ಮೈ ಉರಿಯುತ್ತಿದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. 2021ರಲ್ಲಿ ಬಂದ 3060ಗೆ 12 ಜಿಬಿ ಮೆಮೊರಿ ಇತ್ತು. 2022ರ ಕೊನೆಗೆ ಇದರ ಚಿಪ್ ತಯಾರಿಸುವ ಕಂಪನಿ ಎನ್‌ವಿಡಿಯಾ ಅದೇ ಹೆಸರಿನಲ್ಲಿ 8 ಜಿಬಿಯದನ್ನೂ ಮಾರುಕಟ್ಟೆಗೆ ಬಿಟ್ಟಿತು. ಕಡಿಮೆಯಾದದ್ದು ಬರೀ 4 ಜಿಬಿ ಅಲ್ಲ. ಮೆಮೊರಿ ಬಸ್, ಅಂದರೆ ಮೆಮೊರಿಗೂ ಚಿಪ್ಪಿಗೂ ನಡುವೆ ಮಾಹಿತಿ ಓಡಾಡುವ ದಾರಿಯ ಅಗಲ, 192 ಬಿಟ್‌ನಿಂದ 128 ಬಿಟ್‌ಗೆ ಇಳಿದಿದೆ, ಸೆಕೆಂಡಿಗೆ 360 ಜಿಬಿ ಇದ್ದ ವೇಗ 240ಕ್ಕೆ ಬಿದ್ದಿದೆ. ಮೂರನೇ ಒಂದು ಪಾಲು ಹೋಯಿತು! ಆಟದಲ್ಲಿ ಫ್ರೇಮ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಕುಸಿಯುವುದು ಕಣ್ಣಿಗೇ ಕಾಣುತ್ತದೆ. ಹೆಸರು ಮಾತ್ರ ಅದೇ 3060.

ನಾನು ಫೋನಿನಲ್ಲಿ ಕೇಳಿದ್ದೆ. ಅಂಗಡಿಗೆ ಹೋದ ಮೇಲೂ ಕೇಳಿದೆ. "ಹನ್ನೆರಡೇ ಸರ್, ಸಂಶಯ ಬೇಡ" ಎಂದರು. ನನ್ನ ಹಳೆಯ 1650 ಕಾರ್ಡನ್ನು ಒಳಗೆ ಒಯ್ದು ಪರೀಕ್ಷಿಸಿ, ಫ್ಯಾನಿನಲ್ಲಿ ದೂಳಿದೆ ಎಂದು ಅದಕ್ಕೂ ಬೆಲೆ ಇಳಿಸಿದರು. ನನ್ನ ವಸ್ತುವಿಗೆ ಅಷ್ಟು ತಪಾಸಣೆ! ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನ ನೂಕುನುಗ್ಗಲಿನಲ್ಲಿ ಆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಜೋಪಾನವಾಗಿ ತಂದೆ.

ಮನೆಯಲ್ಲಿ ಕಾರ್ಡ್ ಕೂರಿಸಿ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದರೆ ಮೆಮೊರಿ 8192 ಎಂಬಿ, ಅಂದರೆ 8 ಜಿಬಿ, ಬಸ್ 128 ಬಿಟ್. ಡ್ರೈವರ್ ತೊಂದರೆ ಇರಬಹುದೆಂದು ಅದನ್ನು ತೆಗೆದು ಮತ್ತೆ ಹಾಕಿದೆ. ಅದೇ ಅಂಕಿ. ಆಮೇಲೆ ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆ. ಒಂದು ಮೂಲೆಯಲ್ಲಿ ಅಂಗಡಿಯವರದೇ ವಾರಂಟಿ ಸ್ಟಿಕ್ಕರ್. ಉಗುರಿನಿಂದ ಕೆರೆದೆ. ಅಂಟು ಬಿಡದೆ ಪದರಪದರವಾಗಿ ಹರಿದು ಬಂತು, ಅಡಿಯಲ್ಲಿ ದಪ್ಪ ಅಕ್ಷರದಲ್ಲಿ 8 ಜಿಬಿ ಜಿಡಿಡಿಆರ್6 ಎಂದು ಅಚ್ಚಾಗಿತ್ತು. ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಸ್ಟಿಕ್ಕರ್ ಅಂಟಿಸಲು ಬೇರೆ ಜಾಗವೇ ಇರಲಿಲ್ಲವೇ? ಕೈ ತಪ್ಪಿ ಆದದ್ದೆಂದು ಯಾರು ಹೇಳಿದರೂ ನಾನು ನಂಬುವುದಿಲ್ಲ.

ಫೋನ್ ಮಾಡಿದರೆ, "ಎರಡೂ 3060ಯೇ ಸರ್, ಕೋರ್ ಎಲ್ಲ ಸಮ" ಎಂಬ ಉತ್ತರ. ಕೋರ್, ಅಂದರೆ ಲೆಕ್ಕ ಮಾಡುವ ಘಟಕಗಳು, 3584, ಎರಡರಲ್ಲೂ ಸಮ, ನಿಜ. ಆದರೆ ನಾನು ಕೇಳಿದ್ದು ಕೋರಿನ ಲೆಕ್ಕವೇ? ಮರುದಿನ ಪೆಟ್ಟಿಗೆ ಹಿಡಿದುಕೊಂಡು ಹೋದರೆ, "ಸೀಲ್ ಒಡೆದ ಮೇಲೆ ವಾಪಸ್ ಇಲ್ಲ" ಎಂದರು. ಸೀಲ್ ಒಡೆಯದೆ ಕಾರ್ಡ್ ಹಾಕುವುದು ಹೇಗೆ? ಸರಿ, ನನ್ನ 1650 ಆದರೂ ಕೊಡಿ ಎಂದೆ. "ಅದು ನಿನ್ನೆಯೇ ಮಾರಿಹೋಯಿತು." ಕೊನೆಗೆ ಮಾಲೀಕರು ಬಿಲ್ಲನ್ನು ನನ್ನ ಮುಂದೆ ಹಿಡಿದು, "ಹನ್ನೆರಡು ಎಂದು ಎಲ್ಲಿದೆ, ತೋರಿಸಿ" ಎಂದರು. ಅದರಲ್ಲಿ ಇದ್ದದ್ದು "ಆರ್‌ಟಿಎಕ್ಸ್ 3060, 1" ಅಷ್ಟೇ. ಸೀರಿಯಲ್ ಸಂಖ್ಯೆಯೂ ಇಲ್ಲ. ಕೌಂಟರಿನ ಹತ್ತಿರ ನಿಂತಿದ್ದ ಕಾಲೇಜು ಹುಡುಗರ ಎದುರು ಸುಳ್ಳು ಹೇಳುತ್ತಿರುವವನು ನಾನೇ ಎಂಬಂತೆ ಮಾಡಿದರು. ಹಣ ಹೋದದ್ದಕ್ಕಿಂತ ಆ ಅವಮಾನ ಹೆಚ್ಚು ಕುಟುಕುತ್ತಿದೆ.

ಬಿಲ್ಲಿನಲ್ಲಿ ಪೂರ್ತಿ ಮಾದರಿ, ಜಿಬಿ, ಸೀರಿಯಲ್ ಸಂಖ್ಯೆ ಬರೆಸಿ. ಹೊಸ ಕಾರ್ಡನ್ನು ಅಂಗಡಿಯಲ್ಲೇ ಹಾಕಿಸಿ, ಜಿಪಿಯು-ಝಡ್‌ನಲ್ಲಿ ಕಣ್ಣಾರೆ ನೋಡುವವರೆಗೆ ಹಳೆಯ ಕಾರ್ಡನ್ನು ಕೈಯಿಂದ ಬಿಡಬೇಡಿ. ಸ್ಟಿಕ್ಕರ್ ಇದ್ದರೆ ಅವರ ಎದುರೇ ಕೀಳಿ, ಅವರು ಮುಖ ಸಿಂಡರಿಸಿದರೂ ಸರಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದರಿಂದ ಆಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಮಂಗಳೂರಿಗೆ ಅಲೆಯಬೇಕಾಗಿಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಇದೇ ರೀತಿ 8 ಜಿಬಿ ಕಾರ್ಡ್ ಸಿಕ್ಕಿದವರು ಬೇರೆ ಇದ್ದರೆ ಪೆಟ್ಟಿಗೆಯನ್ನು ಎಸೆಯಬೇಡಿ, ಸ್ಟಿಕ್ಕರ್ ಕೀಳುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.